ಭರಮಪ್ಪನ ಕಾಲು ತಿಂದ ಸಕ್ಕರೆ

ಆಸ್ಪತ್ರೆಯ ಪರೀಕ್ಷಾಲಯಕ್ಕೆ ಹೊಸದಾಗಿ ಸೇರಿದ ಮೂವರು ಹುಡುಗರು ಹೋದ ವಾರ ನನ್ನ ಮನೆಗೆ ಬಂದಿದ್ದರು. ನಿವೃತ್ತನ ಮನೆಗೆ ಬರುವವರು ಒಂದೋ ದಾರಿ ತಪ್ಪಿದವರು, ಇಲ್ಲವೇ ಯಾವುದೋ ಕಾಗದಕ್ಕೆ ಸಹಿ ಬೇಕಾದವರು. ಇವರು ಎರಡೂ ಅಲ್ಲ. ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಬರೆದುಕೊಡಿ ಅಜ್ಜಾರೆ, ಎಂದರು. ಅಜ್ಜ ಎಂದದ್ದಕ್ಕೆ ಸೇಡಾಗಿ ಮೂವರ ನಡಿಗೆಯನ್ನೂ ಅವರೆದುರಿಗೇ ನಡೆದು ತೋರಿಸಿದೆ. ಒಬ್ಬ ನಕ್ಕ, ಒಬ್ಬ ತನ್ನ ಕಾಲು ನೋಡಿಕೊಂಡ, ಮೂರನೆಯವನಿಗೆ ಅದು ತನ್ನ ನಡಿಗೆ ಎಂದೇ ತಿಳಿಯಲಿಲ್ಲ. ಆಮೇಲೆ ಬರೆಯಲು ಒಪ್ಪಿದೆ.

ನನ್ನ ಬಡ್ತಿಗಳ ಕಥೆ ಒಂದು ಕಾರ್ಡಿನಲ್ಲಿ ಮುಗಿಯುತ್ತದೆ, ವಿಳಾಸ ಬರೆಯುವ ಜಾಗವೂ ಉಳಿಯುತ್ತದೆ. ತಪ್ಪುಗಳನ್ನು ಬರೆಯಹೊರಟರೆ ನೀವು ತಂದುಕೊಟ್ಟ ವಹಿ ಸಾಲದು. ಆದ್ದರಿಂದ ಮೊದಲ ಕೆಲವು ವರ್ಷಗಳನ್ನಷ್ಟೇ ಹೇಳುತ್ತೇನೆ. ಅವು ಇಪ್ಪತ್ತರ ದಶಕದ ನಡುವಿನ ವರ್ಷಗಳು. ಸಿಹಿಮೂತ್ರಕ್ಕೆ ಇನ್ಸುಲಿನ್ ಎಂಬ ಔಷಧ ಬಂದಿದೆಯಂತೆ ಎಂಬ ಸುದ್ದಿ ಬೆಳಗಾವಿಗೆ ಆಗಷ್ಟೇ ಮುಟ್ಟಿತ್ತು. ಸುದ್ದಿ ಬಂದಿತ್ತು, ಔಷಧ ಇನ್ನೂ ಬಂದಿರಲಿಲ್ಲ.

ನನಗೆ ಕೆಲಸ ಸಿಕ್ಕ ರೀತಿಯೇ ನಾಚಿಕೆಗೇಡಿನದು. ಖಡೇಬಜಾರಿನ ಹಿಂದಿನ ಓಣಿಯಲ್ಲಿ ವಾಮನರಾಯರೆಂಬ ಡಾಕ್ಟರು ನಾಲ್ಕು ಕಾಟಿನ, ಅಂದರೆ ನಾಲ್ಕು ಮಂಚದ, ದವಾಖಾನೆ ಇಟ್ಟಿದ್ದರು. ಕೆಮ್ಮಿಗೆಂದು ಹೋದ ನಾನು ಸರದಿ ಕಾಯುತ್ತ ಬೇಸರವಾಗಿ, ಒಳಗಿನಿಂದ ಕೇಳಿಸುತ್ತಿದ್ದ ಅವರ ಧ್ವನಿಯನ್ನು ಹಿಡಿದು ಹೊರಗಿದ್ದ ರೋಗಿಗಳಿಗೆ ಸಲಹೆ ಕೊಡತೊಡಗಿದೆ. ಪ್ರತಿ ರೋಗಿಗೂ ಅವರ ಮೊದಲ ಮಾತು ಒಂದೇ: "ಬಾಯಿ ತಗಿ. ನಾಲಗಿ ತೋರಸು." ಗಂಟಲಿನ ತಳದಿಂದ ಬರುವ, ಮುದಿ ಕೋಣನಿಗೆ ಪಾಠ ಹೇಳಿಕೊಡುವಂಥ ಧ್ವನಿ. ಅದು ನನಗೆ ಎಷ್ಟು ಚೆನ್ನಾಗಿ ಬಂತೆಂದರೆ ಒಬ್ಬ ಮುದುಕಿ ನನ್ನೆದುರು ನಾಲಗೆ ಚಾಚಿ ನಿಂತುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಡಾಕ್ಟರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಕೆಮ್ಮಿಗೆ ಔಷಧ ಕೊಟ್ಟರು, ಮರುದಿನದಿಂದ ಕೆಲಸಕ್ಕೆ ಬರಹೇಳಿದರು. ಅರ್ಧ ರೋಗಿಗಳು ಕೇಳಲು ಬರುವುದು ಧ್ವನಿಯನ್ನೇ, ಆ ಅರ್ಧವನ್ನು ನೀನು ನೋಡಿಕೋ, ಎಂದರು. ತಮಾಷೆಗೆ ಹೇಳಿದರೋ ನಿಜವಾಗಿಯೋ ಇಂದಿಗೂ ಗೊತ್ತಿಲ್ಲ.

ನೀವು ಈಗ ಕಾಗದದ ಪಟ್ಟಿಯೊಂದನ್ನು ಮೂತ್ರದಲ್ಲಿ ಅದ್ದಿ, ಬಣ್ಣ ನೋಡಿ, ಚಹಾ ಕುಡಿಯಲು ಹೋಗುತ್ತೀರಿ. ನಮ್ಮದು ಅಡಿಗೆ ಕೆಲಸ. ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಣಿಸಿ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದ ಮೇಲೆ ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪಾದರೆ ರೋಗಿಯ ಮುಖ ಬಿಳಿ. ನಳಿಗೆಯನ್ನು ಅಲುಗಿಸದೆ ಕಾಯಿಸಿದರೆ ಒಳಗಿನದೆಲ್ಲ ಎದ್ದು ಮುಖಕ್ಕೆ ರಾಚುತ್ತದೆ. ನನ್ನ ಎಡ ಹುಬ್ಬು ಮೊದಲ ತಿಂಗಳಲ್ಲೇ ಹೋಯಿತು. ಉಳಿದ ಬಲ ಹುಬ್ಬಿನಿಂದಲೇ ಎಲ್ಲರ ಅಣಕ ಮಾಡಬೇಕಾಗಿ ಬಂದದ್ದರಿಂದ ನನ್ನ ಕಲೆ ಸುಧಾರಿಸಿತು.

ಆ ದಿನಗಳ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಗಟ್ಟಿಮುಟ್ಟಾದ ಒಬ್ಬ ವ್ಯಾಪಾರಿ ಯಜಮಾನರು ಮಗನ ಒತ್ತಾಯಕ್ಕೆ ಮೂತ್ರ ಕಳಿಸಿದ್ದರು. ನಳಿಗೆ ಕುದಿಯುವ ಮೊದಲೇ ಕೆಂಪಾಯಿತು. ನಾನು ಡಾಕ್ಟರ ಧ್ವನಿಯಲ್ಲೇ ತೀರ್ಪು ಕೊಟ್ಟೆ. ಎಂಟು ದಿನ ಅವರಿಗೆ ಅನ್ನವಿಲ್ಲ, ಕುಂದಾ ಇಲ್ಲ, ಮಾವಿನಹಣ್ಣಿನ ಕಾಲದಲ್ಲಿ ಮಾವಿನಹಣ್ಣಿಲ್ಲ. ಒಂಬತ್ತನೆಯ ದಿನ ಹಸಿದ ಯಜಮಾನರು ಖುದ್ದು ಬಂದು ದವಾಖಾನೆಯ ಗಾಜಿನಲ್ಲೇ ಮೂತ್ರ ಕೊಟ್ಟರು. ಅದು ಆಕಾಶದಷ್ಟು ನೀಲಿ. ವಿಚಾರಿಸಿದರೆ, ಮೊದಲು ಕಳಿಸಿದ್ದು ಕಾಕವಿಯ ಬಾಟಲಿಯಲ್ಲಿ. ತೊಳೆದಿದ್ದೆವು ಎಂದರು ಮನೆಯವರು. ಅಚ್ಚ ಬಿಳಿ ಸಕ್ಕರೆ ಬೆರೆತಿದ್ದರೆ ಆ ದ್ರಾವಣ ಬಣ್ಣ ತಿರುಗಿಸುವುದೇ ಇಲ್ಲ, ಕಾಕವಿಯ ಅಂಟು ಇದ್ದರೆ ಸಾಕು, ಕೆಂಪಾಗಿಬಿಡುತ್ತದೆ. ಈ ಪಾಠವನ್ನು ಡಾಕ್ಟರು ನನಗೆ ಬಾಗಿಲು ಮುಚ್ಚಿ ಹೇಳಿಕೊಟ್ಟರು. ಇನ್ನೊಮ್ಮೆ ಹೀಗಾದರೆ ಹಿಂಡಲಗಾ ಜೇಲಿನಲ್ಲಿ ಬಾಟಲಿ ತೊಳೆಯುವ ಕೆಲಸ ಕೊಡಿಸುವೆ ಎಂದದ್ದು ಮಾತ್ರ ಬಾಗಿಲು ದಾಟಿ ಓಣಿಯ ತನಕ ಕೇಳಿಸಿತಂತೆ.

ವಾರಕ್ಕೊಂದು ದಿನ ಡಾಕ್ಟರು ರೈಲಿನಲ್ಲಿ ಖಾನಾಪುರಕ್ಕೆ ಹೋಗಿ ಅಲ್ಲಿಯ ರೋಗಿಗಳನ್ನು ನೋಡುತ್ತಿದ್ದರು. ನಳಿಗೆಗಳ ಪೆಟ್ಟಿಗೆ ಹೊತ್ತು ನಾನೂ ಹಿಂದೆ. ಅಲ್ಲಿ ಸಿಕ್ಕವನು ಭರಮಪ್ಪ. ಟಪಾಲು ಹೊತ್ತು ಓಡುವ ಕೆಲಸ ಅವನದು. ಭುಜದ ಮೇಲೆ ಕಾಗದದ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಭರ್ಚಿ, ಅಂದರೆ ಈಟಿ. ಖಾನಾಪುರದಿಂದ ಕಾಡಿನೊಳಗಿನ ಒಂದು ಗುಡಿಸಲಿನ ತನಕ ಆರು ಮೈಲಿ ಓಡಿ, ಅಲ್ಲಿ ಕಾದಿರುವ ಇನ್ನೊಬ್ಬ ಓಟಗಾರನ ಜೊತೆ ಚೀಲ ಬದಲಾಯಿಸಿ, ಮತ್ತೆ ಆರು ಮೈಲಿ ಹಿಂದಕ್ಕೆ ಓಡಬೇಕು. ನಲವತ್ತು ದಾಟಿದ ಜೈನರ ಮನುಷ್ಯ. ಮಾತು ಅಳತೆಯಲ್ಲಿ, ಮೈ ಇನ್ನೂ ಅಳತೆಯಲ್ಲಿ. ಮೀನಖಂಡಗಳು ಮಾತ್ರ ಕಲ್ಲುಗುಂಡು. ಕುತ್ತಿಗೆಯ ಮೇಲೆ ಒಂದು ಕುರು ಎದ್ದು ತಿಂಗಳಾದರೂ ಮಾಯದೆ ನಮ್ಮಲ್ಲಿಗೆ ಬಂದಿದ್ದ. ಬಾಯಾರಿಕೆ, ಘಳಿಗೆಗೊಮ್ಮೆ ಮೂತ್ರ. ನಳಿಗೆ ಇಟ್ಟಿಗೆಯಾಯಿತು. ಬಾಟಲಿ ನಾನೇ ತೊಳೆದದ್ದು, ಆದ್ದರಿಂದ ಎರಡು ಸಲ ನೋಡಿದೆ. ಇಟ್ಟಿಗೆಯೇ.

ಆ ಕಾಲದ ಪದ್ಧತಿಯಂತೆ ಡಾಕ್ಟರು ಅವನನ್ನು ಬೆಳಗಾವಿಗೆ ಕರೆತಂದು ಕಾಟಿನ ಮೇಲೆ ಮಲಗಿಸಿದರು. ಶಕ್ತಿ ಸೋರುತ್ತಿರುವ ಮನುಷ್ಯ, ಅಲುಗಬಾರದು. ಊಟ ತೂಗಿ ಕೊಡುವುದು, ದಿನಕ್ಕೆ ಮೂರು ಸಲ ನಳಿಗೆ ಕುದಿಸುವುದು. ಭರಮಪ್ಪ ಅಲುಗದೆ ಮಲಗಿದ. ಸಕ್ಕರೆಯೂ ಅಲುಗಲಿಲ್ಲ. ಇಷ್ಟರಲ್ಲಿ ಟಪಾಲು ಇಲಾಖೆಯ ಇನ್‌ಸ್ಪೆಕ್ಟರರಿಂದ ಕಾಗದ ಬಂತು: ತಿಂಗಳ ಕೊನೆಯೊಳಗೆ ಓಡಲು ಯೋಗ್ಯನೆಂದು ಡಾಕ್ಟರ ಸರ್ಟಿಫಿಕೇಟು ಬರದಿದ್ದರೆ ಅವನ ಜಾಗಕ್ಕೆ ಬೇರೆಯವರನ್ನು ಹಾಕಲಾಗುವುದು. ನಾನು ಅದನ್ನು ಇನ್‌ಸ್ಪೆಕ್ಟರರನ್ನು ನೋಡದೆಯೇ ಅವರ ಧ್ವನಿ ಕಲ್ಪಿಸಿಕೊಂಡು ಓದಿ ಹೇಳಿದೆ. ಬಾಜೂ ಕಾಟಿನವರು ನಕ್ಕರು. ಭರಮಪ್ಪ ನಗಲಿಲ್ಲ. ಇಪ್ಪತ್ತು ವರ್ಷ ಓಡಿದ ಮೇಲೆ ತನಗೆ ನಡೆಯುವ ಕೆಲಸವೂ ಬರುವುದಿಲ್ಲ, ಕೂತು ಮಾಡುವ ಕೆಲಸವೂ ಬರುವುದಿಲ್ಲ, ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ.

ಇನ್ನು ನನ್ನ ಸೋಮಾರಿತನದ ವಿಷಯ. ದವಾಖಾನೆಯ ಹಿತ್ತಲಲ್ಲಿ ಆಳವಾದ ಬಾವಿ. ಬೆಳಿಗ್ಗೆ ಎದ್ದು ಹಂಡೆಗಳನ್ನೆಲ್ಲ ತುಂಬಿಸುವುದು ಕಂಪೌಂಡರನ ಅಂದರೆ ನನ್ನ ಕೆಲಸ. ಮಲಗಿ ಮಲಗಿ ಬೇಸತ್ತ ಭರಮಪ್ಪ ಒಂದು ದಿನ ಬಾವಿಯ ಕಟ್ಟೆಗೆ ಬಂದು ಹಗ್ಗ ನೋಡುತ್ತ ನಿಂತ. ನನಗೆ ಅವನ ಮೇಲೆ ಬಹಳ ಕನಿಕರ ಉಕ್ಕಿತು. ಕಾಕಾ, ಕೈಕಾಲು ಜಡ್ಡುಗಟ್ಟಿದರೆ ಮುಂದೆ ಕಷ್ಟ, ಎಂದು ಹಗ್ಗವನ್ನು ಅವನ ಕೈಗೆ ಕೊಟ್ಟು ನಾನು ನೆರಳಿಗೆ ಕುಳಿತೆ. ಅವನು ನಲವತ್ತು ಕೊಡ ಸೇದಿ, ಹೊತ್ತು, ಹಂಡೆಗಳನ್ನು ತುಂಬಿಸಿ, ಬಾಜೂ ಮನೆಯವರ ಹಂಡೆಯನ್ನೂ ತುಂಬಿಸಿ ಬಂದ. ಮುಖದಲ್ಲಿ ಮೊದಲ ಸಲ ಕಳೆ ಕಂಡಿತು. ಆ ಮಧ್ಯಾಹ್ನದ ನಳಿಗೆ ಹಸಿರು. ಮರುದಿನವೂ ನನಗೆ ಕನಿಕರ ಉಕ್ಕಿತು, ಮರುದಿನವೂ ಹಸಿರು.

ಮೂರನೆಯ ದಿನ ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

"ಶಿವ್ಯಾ, ಭರಮಪ್ಪನ ಬಾಟ್ಲಿಯೊಳಗ ಎಷ್ಟ ನೀರ ಬೆರಸಿದಿ?"

"ಹನಿ ಸೈತ ಇಲ್ರೀ ಸಾಹೇಬ್ರ."

"ಊಟಾ ಅದ, ಕಾಟು ಅದ, ಔಷಧಾ ಅದ. ಸಕ್ಕರಿ ಎಲ್ಲೆ ಹೋತು? ನೀ ತಿಂದ್ಯಾ?"

ತಪ್ಪೊಪ್ಪಿಕೊಳ್ಳುವಾಗ ನಾನು ಯಾರ ಧ್ವನಿಯನ್ನೂ ಮಾಡುವುದಿಲ್ಲ. ಹಾಸಿಗೆ ಬಿಟ್ಟೇಳಬಾರದ ರೋಗಿಯಿಂದ ನೀರು ಸೇದಿಸಿದ್ದನ್ನು ಹೇಳಿ, ತಲೆ ತಗ್ಗಿಸಿ, ಹಿಂಡಲಗಾದ ಹಾದಿಯನ್ನು ಮನಸ್ಸಿನಲ್ಲೇ ಅಳೆಯುತ್ತ ನಿಂತೆ. ಡಾಕ್ಟರು ಎದ್ದು ಹಸಿರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನಾಳೆ ಸೇದಿಸಬೇಡ, ನಾಡಿದ್ದು ಸೇದಿಸು, ಅದರಾಚೆ ಮತ್ತೆ ಬೇಡ, ಎಂದರು. ಎಂಟು ದಿನ ಹಾಗೆ ನಡೆಯಿತು. ಊಟದಲ್ಲಿ ಒಂದು ತುತ್ತೂ ಹೆಚ್ಚುಕಡಿಮೆ ಇಲ್ಲ. ಸೇದಿದ ದಿನ ಹಸಿರು, ಮಲಗಿದ ದಿನ ಕೆಂಪು, ಲೋಂಡಾ ಜಂಕ್ಷನ್ನಿನ ಸಿಗ್ನಲ್ ದೀಪದ ಹಾಗೆ. ಮಲಗಿದ ದಿನಗಳಲ್ಲಿ ನೀರು ಸೇದಿದವನು ನಾನು. ನನ್ನ ಮೂತ್ರವನ್ನು ಯಾರೂ ಕುದಿಸಲಿಲ್ಲ.

ಡಾಕ್ಟರು ವಿವರಿಸಿದ್ದು ಹೀಗೆ. ಉಂಡ ಸಕ್ಕರೆ ರಕ್ತಕ್ಕೆ ಬರುತ್ತದೆ. ಅದರ ಬಹುಪಾಲು ಹೋಗಿ ಸೇರಬೇಕಾದದ್ದು ಕೈಕಾಲಿನ ಮಾಂಸಖಂಡಗಳಿಗೆ. ಸುಮ್ಮನೆ ಬಿದ್ದುಕೊಂಡ ಖಂಡ ತಾನಾಗಿ ಬಹಳ ತೆಗೆದುಕೊಳ್ಳುವುದಿಲ್ಲ, ಇನ್ಸುಲಿನ್ ಬಂದು ಬಾಗಿಲು ತೆರೆಸಬೇಕು. ಈ ರೋಗದಲ್ಲಿ ಬಾಗಿಲು ತೆರೆಸುವ ಆ ರಸವೇ ಕಡಿಮೆ. ಆದರೆ ದುಡಿಯುವ ಖಂಡ ಯಾರ ದಾರಿಯನ್ನೂ ಬಹಳ ಕಾಯುವಂತೆ ಕಾಣುವುದಿಲ್ಲ.

"ನಿನ್ನಂಗ" ಎಂದರು. "ಕುಂತಾಗ ಬಡಿಸಿದ್ರ ಉಣ್ಣತಿ, ದುಡದ ಬಂದ ದಿನಾ ಅಡಿಗಿಮನಿಗಿ ನೀನ ನುಗ್ಗತಿ."

ಇದು ಬರೀ ಊಹೆಯಲ್ಲ ಎಂದು ಬಹಳ ವರ್ಷಗಳ ಮೇಲೆ ಹೊಸ ಡಾಕ್ಟರು ಹುಡುಗರು ನನಗೆ ಹೇಳಿದರು. ಇನ್ಸುಲಿನ್ ತೆರೆಸುವ ದಾರಿ ಒಂದು, ಖಂಡ ಬಿಗಿದು ಸಡಿಲುವಾಗ ತಾನೇ ತೆರೆದುಕೊಳ್ಳುವ ದಾರಿ ಇನ್ನೊಂದು. ಅವರು ಹೇಳುವಾಗ, ಗೊತ್ತು, ನಮ್ಮ ಬಾವಿಯ ಹಗ್ಗ ಹೇಳಿತ್ತು, ಎಂದುಬಿಟ್ಟೆ. ಮುದುಕನಿಗೆ ಅರಳುಮರಳು ಎಂದುಕೊಂಡರು.

ಹಸಿರಾದರೂ ಕುರು ಮಾಯಲಿಲ್ಲ. ನೀರು ಸೇದಿಯೇ ಈ ರೋಗವನ್ನು ಗೆಲ್ಲಲಾಗುವುದಿಲ್ಲ, ಇರುವ ಸ್ವಲ್ಪ ರಸವೂ ಬತ್ತಿದರೆ ದುಡಿತವೇ ವಿಷವಾದೀತು, ಎಂದು ಡಾಕ್ಟರು ಮುಂಬಯಿಗೆ ಬರೆದು ಇನ್ಸುಲಿನ್ ತರಿಸಿದರು. ಹೆಬ್ಬೆರಳಿನಷ್ಟು ಸೀಸೆ, ಮರದ ಹೊಟ್ಟಿನಲ್ಲಿ ಹುದುಗಿ, ಟಪಾಲಿನಲ್ಲೇ ಬಂತು. ಹಸಿ ಮರಳಿನ ಮಡಕೆಯಲ್ಲಿಟ್ಟೆವು. ಅದು ಪ್ರಾಣಿಯ ಹೊಟ್ಟೆಯ ಗ್ರಂಥಿಯಿಂದ ತೆಗೆದದ್ದು. ಮುಚ್ಚಿಟ್ಟು ಚುಚ್ಚಬಹುದಿತ್ತು. ವಾಮನರಾಯರು ಹಾಗೆ ಮಾಡಲಿಲ್ಲ, ಕಾಟಿನ ಬಳಿ ಕುಳಿತು ಭರಮಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಸಂಜೆ ಬಸದಿಗೆ ಹೋಗಿ ಬಂದ. ಮರುದಿನ ಬೆಳಿಗ್ಗೆ ತಾನಾಗಿ ತೋಳು ಚಾಚಿದ. ಬಸದಿಯಲ್ಲಿ ಏನು ತೀರ್ಮಾನ ಮಾಡಿಕೊಂಡು ಬಂದ ಎಂದು ನಾವು ಕೇಳಲಿಲ್ಲ. ಕೇಳಬೇಕಿತ್ತು.

ವಾರದೊಳಗೆ ನಳಿಗೆ ನೀಲಿಯಾಯಿತು, ಕುರು ಒಣಗಿತು. ತಿಂಗಳ ಕೊನೆಗೆ ನಾಲ್ಕು ದಿನ ಉಳಿದಿತ್ತು. ಡಾಕ್ಟರಿಗೆ ಆದರೂ ಅಂಜಿಕೆ. ಸೂಜಿಯ ಪ್ರಮಾಣ ನಿಗದಿಯಾದದ್ದು ಕಾಟಿನ ಮೇಲೆ, ಓಡಬೇಕಾದದ್ದು ಕಾಡಿನಲ್ಲಿ. ಬಾಗಿಲು ತೆರೆಸುವವನೂ ಇದ್ದು, ಒಳಗಿನಿಂದ ಎಳೆಯುವವನೂ ಇದ್ದರೆ ರಕ್ತದಲ್ಲಿ ಸಕ್ಕರೆ ಉಳಿಯುವುದೆಲ್ಲಿ? ಹಾಗೆ ಬರಿದಾದರೆ ಮನುಷ್ಯ ಬೆವರಿ, ತೊದಲಿ, ನೆಲಕ್ಕೆ ಬೀಳುತ್ತಾನೆ, ಹೊತ್ತಿಗೆ ಬೆಲ್ಲ ಸಿಗದಿದ್ದರೆ ಏಳುವುದೂ ಇಲ್ಲ ಎಂದು ಅವರು ಓದಿದ್ದರು. ಅದನ್ನು ನನಗೆ ನಾಲ್ಕು ಸಲ ಹೇಳಿದರು. ಆದ್ದರಿಂದ ಪರೀಕ್ಷೆಯ ಓಟ ನಿಶ್ಚಯವಾಯಿತು. ಸೂಜಿ ಅರ್ಧಕ್ಕೆ ಇಳಿಸುವುದು, ಅವನ ದಾರಿಯಲ್ಲೇ ಅವನನ್ನು ಓಡಿಸುವುದು, ನಡುನಡುವೆ ನಳಿಗೆ ಕುದಿಸುವುದು. ಸರಿ ಕಂಡರೆ ಸರ್ಟಿಫಿಕೇಟು. ಇಲ್ಲದಿದ್ದರೆ ಭರಮಪ್ಪನ ಓಟ ಅಲ್ಲಿಗೇ ಮುಗಿಯಿತು.

ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಭರಮಪ್ಪ ಎರಡು ಜೋಳದ ಭಕ್ಕರಿ ತಿಂದು, ಸೂಜಿ ಹಾಕಿಸಿಕೊಂಡು, ಅಂಗಿಯ ಕಿಸೆಯಲ್ಲಿ ಬೆಲ್ಲದ ಹರಳು ಇಟ್ಟುಕೊಂಡು, ಖಾನಾಪುರದ ಟಪಾಲು ಕಚೇರಿಯಿಂದ ಹೊರಟ. ಹಿಂದೆ ಟಾಂಗಾದಲ್ಲಿ ಡಾಕ್ಟರು ಮತ್ತು ಇನ್‌ಸ್ಪೆಕ್ಟರರು. ಇನ್‌ಸ್ಪೆಕ್ಟರರನ್ನು ನಾನು ಕಲ್ಪಿಸಿಕೊಂಡದ್ದಕ್ಕಿಂತ ದೇವರು ಎರಡು ಪಟ್ಟು ದೊಡ್ಡದಾಗಿ ಮಾಡಿದ್ದ. ಅವರು ಕೂತ ಬಾಜೂಗೆ ಟಾಂಗಾ ವಾಲಿ, ಡಾಕ್ಟರು ಆಕಾಶದ ಕಡೆಗಿದ್ದರು. ಎಲ್ಲರ ಹಿಂದೆ ಎರವಲು ಸೈಕಲ್ಲಿನ ಮೇಲೆ ನಾನು, ಹಿಂದಿನ ಕ್ಯಾರಿಯರಿಗೆ ನಳಿಗೆಗಳ ಪೆಟ್ಟಿಗೆ. ಸೈಕಲ್ಲಿನ ಚೈನು ಪ್ರತಿ ಅರ್ಧ ಮೈಲಿಗೊಮ್ಮೆ ಕಳಚುತ್ತಿತ್ತು. ಓಡಲು ಯೋಗ್ಯನೆಂಬ ಸರ್ಟಿಫಿಕೇಟು ಆ ದಿನ ನನಗೂ ಸಿಗಬೇಕಿತ್ತು.

ಹೊರಡುವಾಗಿನ ನಳಿಗೆ ಹಳದಿ. ಆರು ಮೈಲಿಯ ಗುಡಿಸಲಿನಲ್ಲಿ, ಗಾಳಿಗೆ ದೀಪ ಆರದಂತೆ ಛತ್ರಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕುದಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, ಚಹಾ ಕೊಡ್ತೀರೇನು ಎಂದು ಕೇಳಿದ. ಇನ್‌ಸ್ಪೆಕ್ಟರರ ಕಣ್ಣಲ್ಲೂ ಅದೇ ಆಸೆ ಇತ್ತು. ನಳಿಗೆ ಹಸಿರಾಯಿತು. ಹನ್ನೊಂದರ ಹೊತ್ತಿಗೆ ಖಾನಾಪುರಕ್ಕೆ ಮರಳಿ ಮತ್ತೆ ಕುದಿಸಿದಾಗ ನೀಲಿ. ಭರಮಪ್ಪ ಹನ್ನೆರಡು ಮೈಲಿ ಓಡಿ ಬಂದು ಮದುವೆಗೆ ಬಂದವನಂತೆ ನಿಂತಿದ್ದ.

ಡಾಕ್ಟರು ಟಪಾಲು ಕಚೇರಿಯ ಪಡಸಾಲೆಯಲ್ಲೇ ಸರ್ಟಿಫಿಕೇಟು ಬರೆದರು. ಸಹಿ ಮಾಡಲಿಲ್ಲ. ಎರಡು ತಾಸು ಬಿಟ್ಟು ಕೊನೆಯ ಸಲ ನೋಡಿ ಮಾಡುವೆ ಎಂದು ಕಾಗದವನ್ನು ಮೇಜಿನ ಮೇಲಿಟ್ಟು, ಭರಮಪ್ಪನಿಗೆ ಹೊಟ್ಟೆ ತುಂಬ ಊಟ ಮಾಡಲು ಹೇಳಿ, ಊರೊಳಗೆ ಒಬ್ಬ ರೋಗಿಯನ್ನು ನೋಡಲು ಹೋದರು. ಭರಮಪ್ಪ ತಲೆಯಾಡಿಸಿದ. ಅವನು ಉಂಡನೋ ಇಲ್ಲವೋ ನೋಡುವುದು ನನ್ನ ಜವಾಬ್ದಾರಿ. ನಾನು ಪೋಸ್ಟ್‌ಮಾಸ್ತರರ ಮನೆಯಲ್ಲಿ ಶೇಂಗಾ ಹೋಳಿಗೆ ಎಂಬ ಮಾತು ಕೇಳಿ ಆ ಜವಾಬ್ದಾರಿಯನ್ನು ಪಡಸಾಲೆಯಲ್ಲೇ ಬಿಟ್ಟು ಹೋದೆ.

ಉಂಡು ಬಂದಾಗ ಇನ್‌ಸ್ಪೆಕ್ಟರರು ಉಲ್ಲಾಸದಲ್ಲಿದ್ದರು. ನಿನ್ನ ಡಾಕ್ಟರ ಅಣಕ ಬಹಳ ಚಲೋ ಮಾಡುತ್ತೀಯಂತೆ, ಮಾಡು ನೋಡೋಣ, ಎಂದರು. ನನಗೆ ಎರಡನೆಯ ಸಲ ಹೇಳಬೇಕಾಗಿಲ್ಲ. ಡಾಕ್ಟರು ಟಾಂಗಾ ಹತ್ತಿದ್ದನ್ನು ಮಾಡಿದೆ, ಪೋಸ್ಟ್‌ಮಾಸ್ತರರು ತಿಕೀಟಿಗೆ ಮುದ್ರೆ ಒತ್ತುವುದನ್ನು ಮಾಡಿದೆ. ಗುಮಾಸ್ತರು, ಕಾಗದ ಕೇಳಲು ಬಂದವರು, ಹತ್ತು ಹನ್ನೆರಡು ಜನ ಸೇರಿದರು. ಆಗ ಕಂಬಕ್ಕೆ ಒರಗಿ ಕುಳಿತಿದ್ದ ಭರಮಪ್ಪ ಎದ್ದು ನಿಂತ. ಇನ್‌ಸ್ಪೆಕ್ಟರರನ್ನು ಮೇಲಿಂದ ಕೆಳಗೆ ನೋಡಿದ.

"ಏನಲೇ ಇನ್‌ಸ್ಪೆಕ್ಟರ, ನಿನ್ನ ಹೊಟ್ಟಿ ಟಪಾಲ ಚೀಲಾ ಆಗೇತಿ. ಯಾವ ಊರಿಗಿ ಕಳಸೂದೈತಿ?"

ಪಡಸಾಲೆ ಬಿದ್ದು ಹೋಗುವಷ್ಟು ನಗು. ಜೀವಮಾನದಲ್ಲಿ ಹತ್ತು ಮಾತು ಜೋಡಿಸಿ ಆಡದ ಮನುಷ್ಯ! ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ನನ್ನ ಜೊತೆ ಕಾಟಿನ ಬಾಜೂ ಇದ್ದು ಇದ್ದು ಶಿಷ್ಯ ತಯಾರಾದ ಎಂದು ಹೆಮ್ಮೆಪಟ್ಟೆ. ಕಾಕಾ, ಇನ್ನೊಂದು ಒಗೀರಿ, ಎಂದು ಹುರಿದುಂಬಿಸಿದೆ. ಇನ್‌ಸ್ಪೆಕ್ಟರರ ನಗು ಅರ್ಧಕ್ಕೆ ನಿಂತಿತ್ತು.

ಭರಮಪ್ಪ ಅದನ್ನೇ ಇನ್ನೊಮ್ಮೆ ಹೇಳಿದ. ನಗು ಬಂತು, ಸ್ವಲ್ಪ ಕಡಿಮೆ. ಮೂರನೆಯ ಸಲವೂ ಅದೇ ಮಾತು, ಅದೇ ರಾಗ.

ನನಗೆ ಅನುಮಾನ ಹುಟ್ಟಿದ್ದು ಆಗ. ಅಣಕ ಮಾಡುವವನಿಗೆ ಬೇರೇನೂ ತಿಳಿಯದಿದ್ದರೂ ಇದು ತಿಳಿದಿರುತ್ತದೆ: ನಗು ಇಳಿದ ಮಾತನ್ನು ಮೂರನೆಯ ಸಲ ಯಾರೂ ಆಡುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಅವನ ಅಂಗಿ ಬೆವರಿಗೆ ಮೈಗಂಟಿತ್ತು. ಓಡುವಾಗಲೂ ಅಷ್ಟು ಬೆವರಿರಲಿಲ್ಲ. ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಡಾಕ್ಟರು ನಾಲ್ಕು ಸಲ ಹೇಳಿದ್ದು ಇದನ್ನೇ, ನಾನು ಚಪ್ಪಾಳೆ ತಟ್ಟಿದ್ದು ಇದಕ್ಕೇ.

ಕಿಸೆಯ ಬೆಲ್ಲ ತೆಗೆದು ಬಾಯಿಗಿಟ್ಟೆ. ಹಲ್ಲು ಕಚ್ಚಿ ಮುಖ ತಿರುಗಿಸಿದ. ಹಿಡಿದುಕೊಳ್ಳಹೋದ ಇಬ್ಬರು ಗುಮಾಸ್ತರನ್ನು ಆ ಸಣಕಲ ಮೈ ಎರಡು ಬಾಜೂಗೆ ಒಗೆಯಿತು. "ಒಪ್ಪತ್ತೈತಿ" ಎಂದು ತೊದಲಿದ. "ಇವತ್ತ ಒಪ್ಪತ್ತೈತಿ, ತಿನ್ನಾಂಗಿಲ್ಲ." ಒಪ್ಪತ್ತು ಎಂದರೆ ದಿನಕ್ಕೊಂದೇ ಊಟ. ಬೆಳಗಿನ ಎರಡು ಭಕ್ಕರಿಯ ಮೇಲೆ ಅವನು ಏನೂ ತಿಂದಿರಲಿಲ್ಲ. ಡಾಕ್ಟರಿಗೆ ತಲೆಯಾಡಿಸಿ ಕಂಬಕ್ಕೆ ಒರಗಿ ಕುಳಿತಿದ್ದ, ಅಷ್ಟೆ. ಈಗ ಅವನು ನೆಲಕ್ಕೆ ಕುಸಿದ. ದವಡೆ ಮಾತ್ರ ಬಿಗಿದೇ ಇತ್ತು. ಡಾಕ್ಟರನ್ನು ಕರೆಯಲು ಒಬ್ಬ ಓಡಿದ. ಅವರು ಬರುವ ತನಕ ಕಾಯುವಂತಿರಲಿಲ್ಲ.

ಬೆಲ್ಲವನ್ನು ನೀರಿಗೆ ಹಾಕಿ ಕದಡಲು ಹೇಳಿ ನಾನು ಅವನ ಹಿಂದೆ, ಕಿವಿಯ ಹತ್ತಿರ ಕುಳಿತೆ. ಗಂಟಲಿನ ತಳದಿಂದ, ವಾರಗಟ್ಟಲೆ ಪ್ರತಿ ಬೆಳಿಗ್ಗೆ ಕಾಟಿನ ಬಳಿ ಅವನು ಕೇಳುತ್ತಿದ್ದ ಹಾಗೆ, ಒಂದಕ್ಷರವೂ ಏರಿಳಿಯದಂತೆ ಹೇಳಿದೆ.

"ಬಾಯಿ ತಗಿ. ನಾಲಗಿ ತೋರಸು."

ದವಡೆ ಸಡಿಲವಾಯಿತು. ನಾಲಗೆ ಹೊರಬಂತು. ಬೆಲ್ಲದ ನೀರನ್ನು ಚಮಚೆ ಚಮಚೆಯಾಗಿ ಬಿಟ್ಟೆ. ನುಂಗು ಎಂದೆ, ಅದೇ ಧ್ವನಿಯಲ್ಲಿ. ನುಂಗಿದ. ಒಂದು ತಂಬಿಗೆ ಹೋಯಿತು. ನಗಲು ಸೇರಿದ್ದ ಜನ ಹಾಗೇ ನಿಂತಿದ್ದರು. ನಾನು ಧ್ವನಿ ಬಿಟ್ಟರೆ ಎಲ್ಲಿ ಬಾಯಿ ಮುಚ್ಚುತ್ತಾನೋ ಎಂಬ ಅಂಜಿಕೆಯಿಂದ ಅದೇ ಧ್ವನಿಯಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳುತ್ತಲೇ ಇದ್ದೆ. ಆ ಹೊತ್ತಿಗೆ ಡಾಕ್ಟರು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದರಂತೆ. ನಿಲ್ಲಿಸು ಎನ್ನಲಿಲ್ಲ. ಕಾಲು ತಾಸಿನಲ್ಲಿ ಭರಮಪ್ಪನ ಕಣ್ಣಿಗೆ ಕಣ್ಣು ಬಂತು. ಸುತ್ತ ನೋಡಿ, ಎಲ್ಲರೂ ಯಾಕೆ ನಿಂತಿದ್ದೀರಿ, ಇನ್‌ಸ್ಪೆಕ್ಟರ್ ಸಾಹೇಬರಿಗೆ ಕುರ್ಚಿ ಕೊಡಿ, ಎಂದ.

ಇನ್‌ಸ್ಪೆಕ್ಟರರು ಕುರ್ಚಿ ಮುಟ್ಟಲಿಲ್ಲ. ಈ ಮನುಷ್ಯ ಕಾಡಿನಲ್ಲಿ ಹೀಗೆ ಬಿದ್ದರೆ ಚೀಲದ ಗತಿ ಏನು, ತನಗೆ ಬೈದದ್ದನ್ನು ಬೇಕಾದರೆ ಬಿಡುವೆ, ಚೀಲವನ್ನು ಬಿಡಲಾರೆ, ಎಂದರು. ಮಾತು ನ್ಯಾಯವೇ. ಡಾಕ್ಟರು ಮೊದಲು ತಮ್ಮ ತಪ್ಪು ಹೇಳಿಕೊಂಡರು. ಓಟ ನಿಂತ ಕೂಡಲೇ ಕಾಲು ತಿನ್ನುವುದನ್ನು ನಿಲ್ಲಿಸುತ್ತದೆ ಎಂದು ಎಣಿಸಿದ್ದೆ, ಓಡುವಾಗ ಖರ್ಚಾದ ಕಣಜವನ್ನು ಖಂಡ ಆಮೇಲೆ ತಾಸುಗಟ್ಟಲೆ ತುಂಬಿಕೊಳ್ಳುತ್ತ ಹೋಗುತ್ತದೆ, ಬೆಳಗಿನ ಸೂಜಿಯೂ ಸೇರಿಕೊಂಡು ರಕ್ತ ಬರಿದಾಯಿತು, ಎಂದರು. ಇನ್ನು ಓಡುವ ದಿನ ಬೆಳಿಗ್ಗೆ ಸೂಜಿಯೇ ಬೇಡ, ಸಂಜೆ ಮಾತ್ರ ಸಾಕು. ಆದರೆ ಗುಡಿಸಲಿನಲ್ಲಿ ಒಮ್ಮೆ, ಮರಳಿದ ಮೇಲೆ ಒಮ್ಮೆ ಊಟ ಆಗಲೇಬೇಕು. ಆಗದಿದ್ದರೆ ಸಹಿ ಇಲ್ಲ.

ಭರಮಪ್ಪ ಕೈಮುಗಿದ. ಆಗ ಬಸದಿಯ ಸಂಗತಿ ಹೊರಬಂತು. ಒಂದು ಜೀವದ ಹೊಟ್ಟೆಯಿಂದ ಬಂದದ್ದು ತನ್ನ ಮೈಯೊಳಗೆ ಹೋಗುತ್ತಿದೆಯಲ್ಲ ಎಂದು, ಪ್ರತಿ ಚತುರ್ದಶಿ ಒಂದೂಟ ಬಿಡುವ ವ್ರತ ಹಿಡಿದಿದ್ದ. ಅವತ್ತು ಮೊದಲ ಚತುರ್ದಶಿ.

"ವ್ರತಾ ಬಿಡಾಂಗಿಲ್ರಿ ಸಾಹೇಬ್ರ."

"ಹಂಗಾರ ಓಡೂದ ಬಿಡು."

"ಓಡೂದ ಬಿಟ್ಟರ ನಾ ಏನ ಉಳೀತೀನ್ರಿ?"

ಸಹಿ ಇಲ್ಲದ ಕಾಗದ ಮೇಜಿನ ಮೇಲೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಭರಮಪ್ಪ ಬಹಳ ಹೊತ್ತು ಬೆಲ್ಲದ ತಂಬಿಗೆಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನನ್ನು ಹಾಗೆ ನೋಡಿದವರು ಸಾಮಾನ್ಯವಾಗಿ ಹೊಡೆಯುತ್ತಾರೆ.

"ತಮ್ಮಾ, ಇವತ್ತ ನನ್ನ ಬಾಯಿ ತಗಸಿದಾಂವ ಯಾರು?"

"ನಾನರೀ ಕಾಕಾ."

"ಸಾಹೇಬ್ರ ಹೇಳಿದ್ರ ಬ್ಯಾರೆ ಮಾತ. ಸುಳ್ಳ ಧ್ವನಿ ತಗದ ನನ್ನ ವ್ರತಾ ಮುರದಿ. ಮುರದಾಂವ ನೀನ ನಡಸು. ಚತುರ್ದಶಿಗಿ ನೀ ಒಪ್ಪತ್ತ ಇರು, ನಾ ಉಣ್ಣತೀನಿ. ಬಸದಿ ಪಂಡಿತರಿಗಿ ನಾ ಹೇಳತೀನಿ."

ನಾನು ಬಸವಣ್ಣನವರ ಮತದ ಮನೆಯ ಹುಡುಗ, ಹೊತ್ತಿಗೆ ನಾಲ್ಕು ರೊಟ್ಟಿಯವನು, ಹೊಟ್ಟೆಯಲ್ಲಿ ಆಗಲೂ ಪೋಸ್ಟ್‌ಮಾಸ್ತರರ ಐದು ಹೋಳಿಗೆ. ಏನಾದರೂ ತಮಾಷೆ ಮಾಡಿ ಜಾರಿಕೊಳ್ಳಬೇಕೆಂದು ಬಾಯಿ ತೆರೆದೆ. ಯಾರ ಧ್ವನಿಯೂ ಬರಲಿಲ್ಲ. ಹೂಂ ಎಂದೆ, ನನ್ನದೇ ಧ್ವನಿಯಲ್ಲಿ. ಡಾಕ್ಟರು ಮಸಿಯ ದೌತಿಗೆ ಟಾಕು ಅದ್ದಿ ಸಹಿ ಹಾಕಿದರು.

ಇನ್‌ಸ್ಪೆಕ್ಟರರು ಸರ್ಕಾರಿ ಮನುಷ್ಯ, ಬರೀ ಮಾತು ನಂಬುವವರಲ್ಲ. ಚೀಲದ ಜೊತೆ ಹೋಗುವ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿ, ಭರಮಪ್ಪ ಉಂಡದ್ದನ್ನು ಗುಡಿಸಲಿನ ಓಟಗಾರ ಕಣ್ಣಾರೆ ನೋಡಿ ಸಹಿ ಹಾಕಬೇಕೆಂದರು. ಅಂದಿನಿಂದ ಖಾನಾಪುರಕ್ಕೆ ಹೋದಾಗೆಲ್ಲ ಆ ಚೀಟಿ ನೋಡುತ್ತಿದ್ದೆ: ಚೀಲ ಒಂದು, ಭಕ್ಕರಿ ಎರಡು, ತಿಂದದ್ದು ಖರೇ. ಚತುರ್ದಶಿಯ ದಿನ ಆ ಸಾಲನ್ನು ಓದುವುದು ಎಂಥ ಶಿಕ್ಷೆ ಎಂದು ಹೊಟ್ಟೆ ತುಂಬಿದವರಿಗೆ ತಿಳಿಯುವುದಿಲ್ಲ. ನನ್ನ ಅವ್ವ ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ನನಗೆ ಹುಚ್ಚು ಎಂದು ಓಣಿಗೆಲ್ಲ ಹೇಳಿ ನಿರಾಳವಾದಳು. ಮದುವೆಯಾದ ಮೇಲೆ ಹೆಂಡತಿ ಹದಿನೈದು ದಿನಕ್ಕೊಮ್ಮೆ ಒಂದು ಹೊತ್ತಿನ ಅಡಿಗೆ ತಪ್ಪಿತೆಂದು ಭರಮಪ್ಪನನ್ನು ಹರಸಿದಳು.

ಭರಮಪ್ಪ ಆಮೇಲೆ ಬಹಳ ವರ್ಷ ಓಡಿದ. ಒಂದು ಸಲವೂ ಕಾಡಿನಲ್ಲಿ ಬೀಳಲಿಲ್ಲ. ಟಪಾಲು ಇಲ್ಲದ ದಿನ ಯಾರದಾದರೂ ಬಾವಿಯ ನೀರು ಸೇದುತ್ತಿದ್ದ. ಆ ದಾರಿಗೆ ಮೋಟಾರು ಬಂದ ಮೇಲೆ ಓಟಗಾರರ ಕೆಲಸವೇ ಹೋಯಿತು, ಭರ್ಚಿ ಮತ್ತು ಗೆಜ್ಜೆಯನ್ನು ಕಚೇರಿಗೆ ಒಪ್ಪಿಸಿ ಅವನು ಮನೆಗೆ ಬಂದ. ಸುದ್ದಿ ತಿಳಿದ ವಾರವೇ ಓಡಿ ಹೋದೆ. ಪ್ರೀತಿಯಿಂದ ಎಂದು ನೀವು ತಿಳಿದರೆ ನನಗೆ ಒಳ್ಳೆಯದೇ. ನಿಜವಾಗಿ ನನಗೆ ಒಂದು ಮಾತು ಕೇಳುವುದಿತ್ತು. ಅವನು ಕಟ್ಟೆಯ ಮೇಲೆ ಕುಳಿತು ಭಕ್ಕರಿ ಮುರಿಯುತ್ತಿದ್ದ. ಕಾಕಾ, ಓಟ ಮುಗಿಯಿತಲ್ಲ, ಇನ್ನು ಮೇಲೆ ಚತುರ್ದಶಿಗೆ ನಾನು ಉಣ್ಣಲೇ, ಎಂದೆ.

ಅವನು ತುತ್ತು ನುಂಗುವ ತನಕ ನನ್ನನ್ನು ಕಾಯಿಸಿದ.

"ನಾ ಓಡೂದು ಬಿಟ್ಟೀನಿ ತಮ್ಮಾ. ಉಣ್ಣೂದು ಬಿಟ್ಟಿಲ್ಲ."